ಕೈಗಾರಿಕಾ ವಿನ್ಯಾಸ ಸಂಸ್ಥೆಗಳಲ್ಲಿ ‘ಬಳಕೆದಾರ ಅನುಭವ’ ವಿನ್ಯಾಸಕಾರರು: ಸಣ್ಣ ಉತ್ಪಾದಕರು ಅರಿಯಬೇಕಾದುದು

ಹೊಸ ಉತ್ಪನ್ನವೊಂದನ್ನು ರೂಪಿಸಲು ಕೈಗಾರಿಕಾ ವಿನ್ಯಾಸ ಸಂಸ್ಥೆಯಿಂದ ದರಪಟ್ಟಿ ತರಿಸಿದರೆ ಅದರಲ್ಲಿ ಇಂದು ಹಲವು ವೇಳೆ ಎರಡು ಬಾಬುಗಳು ಕಾಣಸಿಗುತ್ತವೆ. ಒಂದು, ಹೊರಕವಚ, ಮಾದರಿ ಮತ್ತು ಅಚ್ಚಿನ ನಕ್ಷೆಗಳ ಶುಲ್ಕ. ಇನ್ನೊಂದು, ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಅಂದರೆ ಬಳಕೆದಾರ ಅನುಭವದ ಶುಲ್ಕ. ಮೊದಲನೆಯದರ ಬಗ್ಗೆ ನಮ್ಮ ಉತ್ಪಾದಕರಿಗೆ ಸಂದೇಹವಿಲ್ಲ. ಕಣ್ಣಿಗೆ ಕಾಣುವ ವಸ್ತು ಕೈಗೆ ಬರುತ್ತದೆ. ಎರಡನೆಯದರ ಮೇಲೆ ಗೆರೆ ಎಳೆದು, “ಇದನ್ನು ಬಿಟ್ಟು ಉಳಿದುದಕ್ಕೆ ಎಷ್ಟು?” ಎಂದು ಕೇಳುವವರೇ ಹೆಚ್ಚು. ಗೆರೆ ಎಳೆಯುವ ಮೊದಲು ಆ ಹಣಕ್ಕೆ ಪ್ರತಿಯಾಗಿ ದೊರೆಯುವುದೇನು, ಅದರ ಒಡೆತನ ಯಾರದು ಎಂಬುದನ್ನು ತಿಳಿದುಕೊಳ್ಳುವುದು ಲಾಭಕರ.

ಕೆಲಸದ ಸ್ವರೂಪ

ಈ ವೃತ್ತಿನಾಮವು ಪ್ರಚಾರಕ್ಕೆ ಬಂದುದು 1990ರ ದಶಕದಲ್ಲಿ, ಆಪಲ್ ಕಂಪನಿಯಲ್ಲಿದ್ದ ಡೊನಾಲ್ಡ್ ನಾರ್ಮನ್ ಅವರಿಂದ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ 1979ರಲ್ಲಿ ನಡೆದ ಅವಘಡದ ನಂತರ ನಿಯಂತ್ರಣ ಕೊಠಡಿಯ ವಿನ್ಯಾಸವನ್ನು ಪರಿಶೀಲಿಸಿದವರಲ್ಲಿ ಅವರೂ ಒಬ್ಬರು. ಅಲ್ಲಿ ಕವಾಟವೊಂದು ಮುಚ್ಚದೆ ತೆರೆದೇ ಉಳಿದಿತ್ತು. ಆದರೆ ಫಲಕದ ದೀಪವು ಕವಾಟದ ನಿಜಸ್ಥಿತಿಯನ್ನು ತೋರಿಸುತ್ತಿರಲಿಲ್ಲ. ಮುಚ್ಚುವ ಸಂಕೇತ ಹೋಗಿದೆ ಎಂಬುದನ್ನಷ್ಟೇ ತೋರಿಸುತ್ತಿತ್ತು. ದೀಪ ಆರಿದುದನ್ನು ಕಂಡ ಸಿಬ್ಬಂದಿ ಕವಾಟ ಮುಚ್ಚಿದೆಯೆಂದೇ ಭಾವಿಸಿದರು. ಇದು ದೂರದ ಮಾತೆನ್ನಬೇಕಾಗಿಲ್ಲ. ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ವಿದ್ಯುತ್ ಬಂದಿದೆ ಎಂದು ಹೇಳುವ ದೀಪವನ್ನು ಮೋಟಾರು ಓಡುತ್ತಿದೆ ಎಂದು ಓದುವ ರೈತರಿದ್ದಾರೆ. ತಪ್ಪು ರೈತನದಲ್ಲ, ದೀಪದ್ದು.

ಹೆಸರು ಹೊಸದಾದರೂ ಕೆಲಸ ಹೊಸದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರವನ್ನೇ ನೋಡಬಹುದು. ಅದರ ರೂಪ ವಿನ್ಯಾಸದಲ್ಲಿ ಬೊಂಬಾಯಿ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರು ಕೆಲಸ ಮಾಡಿದ್ದರು. ಚಿಹ್ನೆಯ ಎದುರಿಗೆ ನೀಲಿ ಗುಂಡಿ. ಒತ್ತಿದೊಡನೆ ಅಲ್ಲಿಯೇ ಕೆಂಪು ದೀಪ, ಜೊತೆಗೆ ಶಬ್ದ. ಅಕ್ಷರ ಬಾರದವರಿಗೂ ತಮ್ಮ ಮತ ದಾಖಲಾಯಿತೆಂದು ತಿಳಿಯುತ್ತದೆ. ಕೇರಳದ ಪರವೂರಿನಲ್ಲಿ 1982ರಲ್ಲಿ ಮೊದಲು ಬಳಕೆಯಾದ ಮತಯಂತ್ರಗಳು 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕ್ಷೇತ್ರಗಳಿಗೂ ತಲುಪಿದವು.

ಬಳಕೆದಾರರನ್ನು ಗಮನಿಸಿದರೆ ಬೆಲೆ ಏರುತ್ತದೆ ಎಂಬ ನಂಬಿಕೆಯೂ ಎಲ್ಲ ಕಾಲಕ್ಕೂ ನಿಜವಲ್ಲ. ಜಿಇ ಕಂಪನಿಯ ಬೆಂಗಳೂರಿನ ಕೇಂದ್ರವು 2000ರ ದಶಕದ ಕೊನೆಯಲ್ಲಿ ಹಳ್ಳಿಗಳ ವೈದ್ಯರಿಗಾಗಿ ‘ಮ್ಯಾಕ್ 400’ ಎಂಬ ಇಸಿಜಿ ಯಂತ್ರವನ್ನು ರೂಪಿಸಿತು. ಗುಂಡಿಗಳನ್ನು ನಾಲ್ಕಕ್ಕೆ ಇಳಿಸಿ, ಬ್ಯಾಟರಿ ಅಳವಡಿಸಿ, ದೊಡ್ಡ ಮುದ್ರಕದ ಬದಲು ಟಿಕೆಟ್ ಯಂತ್ರದಲ್ಲಿ ಬಳಸುವಂಥ ಪುಟ್ಟ ಮುದ್ರಕವನ್ನು ಕೂರಿಸಿದರು. ಸಾಮಾನ್ಯ ಯಂತ್ರಕ್ಕೆ ಸುಮಾರು 2,000 ಡಾಲರ್ ಇದ್ದಾಗ ಇದರ ಬೆಲೆ ಸುಮಾರು 800 ಡಾಲರ್. ಯಾವುದು ಬೇಡವೆಂದು ತಿಳಿಯಬೇಕಾದರೆ ಯಂತ್ರವನ್ನು ಯಾರು, ಎಲ್ಲಿ, ಹೇಗೆ ಬಳಸುತ್ತಾರೆಂದು ನೋಡಿರಬೇಕು. ವಿನ್ಯಾಸ ಸಂಸ್ಥೆಯಲ್ಲಿ ಈ ನೋಟವನ್ನು ಹೊತ್ತವರೇ ಬಳಕೆದಾರ ಅನುಭವ ವಿನ್ಯಾಸಕಾರರು. ಅವರು ಬಳಕೆಯ ಸ್ಥಳಕ್ಕೆ ಹೋಗಿ ಗಮನಿಸುತ್ತಾರೆ, ಗುಂಡಿ, ಪರದೆ ಮತ್ತು ಸೂಚನೆಗಳ ಕ್ರಮವನ್ನು ನಿರ್ಧರಿಸುತ್ತಾರೆ, ರಟ್ಟಿನ ಮಾದರಿಯನ್ನು ಕೆಲವರ ಕೈಗೆ ಕೊಟ್ಟು ಅವರು ಎಲ್ಲಿ ತಡವರಿಸುತ್ತಾರೆಂದು ಬರೆದುಕೊಳ್ಳುತ್ತಾರೆ.

ಇದೆಲ್ಲ ನಡೆಯಬೇಕಾದುದು ಅಚ್ಚು ಕೊರೆಯುವ ಮೊದಲು. ಉಕ್ಕಿನ ಅಚ್ಚಿನಿಂದ ಲೋಹ ತೆಗೆಯುವುದು ಸುಲಭ, ಸೇರಿಸುವುದು ಕಷ್ಟವೆಂಬುದನ್ನು ಟೂಲ್‌ರೂಮ್ ನಡೆಸುವ ಸದಸ್ಯರಿಗೆ ಹೇಳಬೇಕಾಗಿಲ್ಲ. ಗುಂಡಿಯ ಸ್ಥಾನವನ್ನು ಅರ್ಧ ಅಂಗುಲ ಸರಿಸಲು ವೆಲ್ಡಿಂಗ್ ಮಾಡಿಸಿ ಮತ್ತೆ ಯಂತ್ರಕ್ಕೆ ಹಾಕಬೇಕಾದೀತು. ರಟ್ಟಿನ ಮಾದರಿಯಲ್ಲಿಯಾದರೆ ಕತ್ತರಿ ಸಾಕು.

ಲೆಕ್ಕದ ಮಾತು

ಲೆಕ್ಕಕ್ಕಾಗಿ ಹೀಗೆ ಊಹಿಸೋಣ. ಘಟಕವೊಂದು ವರ್ಷಕ್ಕೆ 4,000 ನಿಯಂತ್ರಣ ಪೆಟ್ಟಿಗೆಗಳನ್ನು ಮಾರುತ್ತದೆ. ಖಾತರಿ ಅವಧಿಯಲ್ಲಿ ಶೇ 10ರಷ್ಟು ಗ್ರಾಹಕರು ಮೆಕ್ಯಾನಿಕ್‌ನನ್ನು ಕರೆಸುತ್ತಾರೆ. ಒಂದು ಭೇಟಿಗೆ ರೂ. 600. ಒಟ್ಟು ರೂ. 2,40,000. ಈ ಭೇಟಿಗಳಲ್ಲಿ ಅರ್ಧದಷ್ಟರಲ್ಲಿ ಪೆಟ್ಟಿಗೆ ಕೆಟ್ಟಿರುವುದಿಲ್ಲ, ಗ್ರಾಹಕರಿಗೆ ಬಳಕೆ ತಿಳಿದಿರುವುದಿಲ್ಲ. ಅಂದರೆ ವರ್ಷಕ್ಕೆ ರೂ. 1,20,000 ವಿನ್ಯಾಸದ ದೋಷಕ್ಕೆ ತೆರುವ ದಂಡ. ವಿನ್ಯಾಸಕಾರರು ರೂ. 2,00,000 ಪಡೆದು ಈ ಕರೆಗಳನ್ನು ಪೂರ್ತಿ ನಿಲ್ಲಿಸಿದರೆ 20 ತಿಂಗಳಲ್ಲಿ ಹಣ ಮರಳುತ್ತದೆ; ಅರ್ಧ ನಿಲ್ಲಿಸಿದರೆ 40 ತಿಂಗಳು. ಮಾರಾಟ ವರ್ಷಕ್ಕೆ 400 ಪೆಟ್ಟಿಗೆಗಳಷ್ಟೇ ಇದ್ದಲ್ಲಿ ಈ ಶುಲ್ಕವನ್ನು ಬೇಡವೆನ್ನುವುದೇ ವಿವೇಕ. ತೊಂದರೆಯೆಂದರೆ, ನಮ್ಮ ಪುಸ್ತಕಗಳಲ್ಲಿ ಈ ದಂಡವು ವಾಹನ ವೆಚ್ಚ, ಭತ್ಯೆ, ದುರಸ್ತಿ ಎಂಬ ಶಿರೋನಾಮೆಗಳಲ್ಲಿ ಹಂಚಿಹೋಗಿ ಕಾಣದಾಗುತ್ತದೆ. ಸೇವಾ ಭೇಟಿಗಳಿಗೆ ಪ್ರತ್ಯೇಕ ಖಾತೆ ತೆರೆದು, ಪ್ರತಿ ಭೇಟಿಯ ಕಾರಣವನ್ನು ಒಂದು ಸಾಲಿನಲ್ಲಿ ಬರೆಸಿಡುವುದು ಅಪೇಕ್ಷಣೀಯ.

ಶುಲ್ಕವನ್ನು ಆಸ್ತಿಯಾಗಿ ತೋರಿಸಬಹುದೇ ಎಂದು ಹಲವರು ಕೇಳುತ್ತಾರೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಅದೇ ವರ್ಷದ ಲಾಭ-ನಷ್ಟ ಖಾತೆಗೆ ಹಾಕಬೇಕು. ಕ್ಷೇತ್ರ ವೀಕ್ಷಣೆ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತದೆ. ಅಭಿವೃದ್ಧಿ ಹಂತದ ವೆಚ್ಚವನ್ನು ನಿಗದಿತ ಷರತ್ತುಗಳು ಪೂರೈಸಿದಲ್ಲಿ ಆಸ್ತಿಯಾಗಿ ತೋರಿಸಬಹುದು. ಆದುದರಿಂದ ಬಿಲ್ಲಿನಲ್ಲಿ ಎರಡೂ ಹಂತಗಳನ್ನು ಬೇರ್ಪಡಿಸಿ ಕೊಡುವಂತೆ ಕೇಳತಕ್ಕದ್ದು. ಬಿಲ್ಲಿನ ಮೇಲಿನ ಶೇ 18ರ ಜಿಎಸ್‌ಟಿಯು ತೆರಿಗೆ ಬೀಳುವ ಸರಕು ತಯಾರಿಸುವವರಿಗೆ ಹೂಡುವಳಿ ತೆರಿಗೆಯಾಗಿ ಜಮೆಯಾಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ.

ಒಡೆತನ ಯಾರದು?

ನಿಜವಾದ ಅಪಾಯವಿರುವುದು ಇಲ್ಲಿ. ವಿನ್ಯಾಸ ಕಾಯ್ದೆ, 2000ರ ಪ್ರಕಾರ, ಹಣ ಪಡೆದು ಇನ್ನೊಬ್ಬರಿಗಾಗಿ ಮಾಡಿಕೊಟ್ಟ ವಿನ್ಯಾಸದ ಸ್ವಾಮ್ಯ ಮಾಡಿಸಿಕೊಂಡವರದು. ಪೆಟ್ಟಿಗೆಯ ಹೊರರೂಪದ ಮಟ್ಟಿಗೆ ಉತ್ಪಾದಕರು ಸುರಕ್ಷಿತರು. ಆದರೆ ಪರದೆಯನ್ನು ನಡೆಸುವ ತಂತ್ರಾಂಶವು ಕೃತಿಸ್ವಾಮ್ಯ ಕಾಯ್ದೆ, 1957ಕ್ಕೆ ಒಳಪಡುತ್ತದೆ. ಹೊರಗಿನ ಸಂಸ್ಥೆಯಿಂದ ಬರೆಸಿದ ತಂತ್ರಾಂಶದ ಸ್ವಾಮ್ಯವು, ಬೇರೆ ಕರಾರು ಇಲ್ಲದಿದ್ದಲ್ಲಿ, ಬರೆದ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ಪೂರ್ಣ ಹಣ ಪಾವತಿಸಿದ ಮಾತ್ರಕ್ಕೆ ಅದು ವರ್ಗವಾಗುವುದಿಲ್ಲ. ಲಿಖಿತ ವರ್ಗಾವಣೆ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 19ನೆಯ ಪ್ರಕರಣದಂತೆ ಐದು ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥೈಸಲಾಗುತ್ತದೆ. ರಫ್ತು ಮಾಡುವವರು ಈ ಎರಡು ಸಾಲುಗಳನ್ನು ಮರೆಯದೆ ಬರೆಸಬೇಕು.

ಹೊರರೂಪಕ್ಕೂ ಗಡುವಿದೆ. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಪ್ರತಿ ತಯಾರಿಸಿದರೆ ಅದರ ಕೃತಿಸ್ವಾಮ್ಯವೂ ನಷ್ಟವಾಗುತ್ತದೆ. ನೋಂದಾಯಿಸಿದರೆ 10 ವರ್ಷಗಳ ರಕ್ಷಣೆ, ಮುಂದಕ್ಕೆ ಇನ್ನೂ 5 ವರ್ಷ. ಪರದೆಯ ಚಿತ್ರವಿನ್ಯಾಸದ ನೋಂದಣಿ ಇನ್ನೂ ಚರ್ಚೆಯ ವಿಷಯ. ಅಂಥ ಅರ್ಜಿಯೊಂದನ್ನು ತಿರಸ್ಕರಿಸಿದ ಆದೇಶವನ್ನು ಕಲ್ಕತ್ತಾ ಉಚ್ಚ ನ್ಯಾಯಾಲಯವು 2023ರಲ್ಲಿ ರದ್ದುಪಡಿಸಿ ಮರುಪರಿಶೀಲನೆಗೆ ಕಳುಹಿಸಿತು. ಬಹಿರಂಗಗೊಂಡ ವಿನ್ಯಾಸಕ್ಕೆ ಸಾಮಾನ್ಯವಾಗಿ ನೋಂದಣಿ ದೊರೆಯದ ಕಾರಣ, ವಸ್ತುಪ್ರದರ್ಶನದಲ್ಲಿ ಮಳಿಗೆ ಕಾಯ್ದಿರಿಸುವ ಸದಸ್ಯರು ಮಾದರಿಯನ್ನು ಅಲ್ಲಿಗೆ ಒಯ್ಯುವ ಮುನ್ನವೇ ಅರ್ಜಿ ಸಲ್ಲಿಸಿರತಕ್ಕದ್ದು.