ತುಕಡಿಯೋ, ಏಣಿಯೋ?

ಐದು ಬೆರಳು ಒಂದೇ ಸಮವಿರುವುದಿಲ್ಲವೆಂಬುದು ಹಿರಿಯರ ಮಾತು. ಶಾಲೆಯ ಮಕ್ಕಳೂ ಹಾಗೆಯೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕನ್ನಡ ಶಾಲೆಗಳಲ್ಲಿ, ಪಾಠವನ್ನು ಸರಾಗವಾಗಿ ಓದುವ ಮಗುವಿನ ಪಕ್ಕದಲ್ಲಿಯೇ ಒತ್ತಕ್ಷರಕ್ಕೆ ತಡವರಿಸುವ ಮಗುವೂ ಕುಳಿತಿರುತ್ತದೆ. ಇವರಿಬ್ಬರಿಗೂ ಒಟ್ಟಿಗೆ ಕಲಿಸಬೇಕೋ, ಬೇರೆ ತುಕಡಿಗಳಲ್ಲಿ ಕೂಡ್ರಿಸಬೇಕೋ ಎಂಬ ವಿಷಯದಲ್ಲಿ ಶಿಕ್ಷಣವೇತ್ತರಲ್ಲಿ ಬಹುಕಾಲದಿಂದ ಮತಭೇದವಿದೆ.

ಬೇರ್ಪಡಿಸಬೇಕೆನ್ನುವವರ ವಾದ ನಿರಾಧಾರವಾದುದಲ್ಲ. ಮಾಸ್ತರರು ನಡುವಣ ಗತಿಯಲ್ಲಿ ಪಾಠ ಹೇಳಿದರೆ ಮುಂದಿದ್ದವನಿಗೆ ಬೇಸರ, ಹಿಂದಿದ್ದವನಿಗೆ ಕತ್ತಲೆ. ಪಶ್ಚಿಮ ಕೀನ್ಯಾದ ಪ್ರಾಥಮಿಕ ಶಾಲೆಗಳಲ್ಲಿ 2005ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ, ಅಂಕಗಳ ಆಧಾರದಿಂದ ಎರಡು ತುಕಡಿ ಮಾಡಿದಾಗ ಎರಡರ ಮಕ್ಕಳೂ ಹೆಚ್ಚು ಕಲಿತರು. ಆದರೆ ಫಿನ್ಲೆಂಡ್ ದೇಶವು ಗಣಿತ ಮತ್ತು ಭಾಷೆಗಳಲ್ಲಿದ್ದ ಇಂಥ ವಿಂಗಡಣೆಯನ್ನು 1985ರಲ್ಲಿ ಕೈಬಿಟ್ಟಿತು. ನಮ್ಮ ಕೊಠಾರಿ ಆಯೋಗವಂತೂ 1966ರ ವರದಿಯಲ್ಲಿ ನೆರೆಹೊರೆಯ ಮಕ್ಕಳೆಲ್ಲರಿಗೂ ಒಂದೇ ಶಾಲೆಯಿರಬೇಕೆಂದಿತು.

ವಿರೋಧಿಸುವವರ ಭಯವೂ ಸಹಜವಾದುದು. ‘ಬ’ ತುಕಡಿಯೆಂದು ಹಲಗೆಯ ಮೇಲೆ ಬರೆದುದನ್ನು ಊರು ‘ದಡ್ಡರ ತುಕಡಿ’ ಎಂದೇ ಓದುತ್ತದೆ. ಕಾಲಕ್ರಮದಲ್ಲಿ ಮಗುವೂ ಹಾಗೆಯೇ ಓದಿಕೊಳ್ಳುತ್ತದೆ. ಮನೆಯಲ್ಲಿ ಪುಸ್ತಕ ಕಾಣದ, ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ಮಗು ಹಿಂದುಳಿದರೆ ನಾವು ಅಳೆದದ್ದು ಅದರ ಬುದ್ಧಿಯನ್ನೋ, ಮನೆಯ ಸ್ಥಿತಿಯನ್ನೋ?

ವಿಂಗಡಣೆ ಶಾಲೆಯೊಳಗೆ ಮಾತ್ರವಲ್ಲ, ಶಾಲೆ ಶಾಲೆಗಳ ನಡುವೆಯೂ ಉಂಟು. ಕಿತ್ತೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ರಾಣಿ ಚನ್ನಮ್ಮ ಬಾಲಕಿಯರ ವಸತಿ ಸೈನಿಕ ಶಾಲೆಯು ಪ್ರವೇಶ ಪರೀಕ್ಷೆಯ ಮೂಲಕ ಆರನೆಯ ತರಗತಿಗೆ ಹುಡುಗಿಯರನ್ನು ಆರಿಸಿಕೊಳ್ಳುತ್ತದೆ. ಅದು ಈ ನಾಡಿನ ಹೆಮ್ಮೆಯೇ ಸರಿ. ಆದರೆ ಆಯ್ಕೆಯಾಗದವರು ಉಳಿಯುವ ಊರ ಶಾಲೆಯ ಯೋಗಕ್ಷೇಮವೂ ನಮ್ಮದೇ ಹೊಣೆಯಲ್ಲವೆ?

ಈ ಎರಡು ಮತಗಳ ನಡುವಿನ ದಾರಿಯೊಂದನ್ನು ನಮ್ಮ ಶಿಕ್ಷಕರೇ ತೋರಿಸಿದ್ದಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ‘ನಲಿ-ಕಲಿ’ ಪದ್ಧತಿಯನ್ನು ರೂಪಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇಲ್ಲಿಯೂ ಗುಂಪುಗಳುಂಟು. ಕೆಳಗಿನ ತರಗತಿಗಳ ಮಕ್ಕಳು ಐದು ತಟ್ಟೆಗಳ ಸುತ್ತ ಕೂಡುತ್ತಾರೆ: ಒಂದೆಡೆ ಶಿಕ್ಷಕರ ಪೂರ್ಣ ನೆರವು, ಮತ್ತೊಂದೆಡೆ ಗೆಳೆಯರ ನೆರವು, ಕೊನೆಗೆ ಸ್ವಕಲಿಕೆ. ಮಗು ಕಲಿಕೆಯ ಏಣಿಯ ಮೆಟ್ಟಿಲೇರಿದಂತೆ ತಟ್ಟೆ ಬದಲಾಗುತ್ತದೆ. ಇಂದು ನೆರವು ಬೇಡಿದ ಮಗುವೇ ನಾಳೆ ನೆರವಾಗುತ್ತದೆ. ಸುಗ್ಗಿ ಮುಗಿಸಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಹೀಗೆ ಗುಂಪು ಮಾಡುವುದು ತಪ್ಪಲ್ಲ. ಗುಂಪಿನಲ್ಲಿಯೇ ಮಗುವನ್ನು ಮರೆತುಬಿಡುವುದು ತಪ್ಪು. ಗಣಿತದಲ್ಲಿ ಹಿಂದಿರುವವನು ಕಥೆ ಹೇಳುವುದರಲ್ಲಿ ಮುಂದಿರಬಹುದು. ಆದಕಾರಣ ವಿಂಗಡಣೆಯು ಆಯಾ ವಿಷಯಕ್ಕೆ, ಅಲ್ಪಕಾಲಕ್ಕೆ ಮಾತ್ರ ಸೀಮಿತವಾಗಿರಬೇಕು, ಆಗಾಗ ಪರಿಶೀಲಿಸಲ್ಪಡಬೇಕು. ನಲಿ-ಕಲಿಯ ಏಣಿ ಕೆಳಗಿನ ತರಗತಿಗಳಲ್ಲಿಯೇ ಮುಗಿಯುತ್ತದೆ. ಅನಂತರದ ತರಗತಿಯಲ್ಲಿ ಮಗು ಮತ್ತೆ ಎಲ್ಲರಿಗೂ ಒಂದೇ ಆದ ಪಾಠದೆದುರು ಕುಳಿತುಕೊಳ್ಳುತ್ತದೆ. ಅಲ್ಲಿ ತಡವರಿಸುವ ಮಗುವಿಗೆ ಮುಂದಿನ ಮೆಟ್ಟಿಲನ್ನು ಒದಗಿಸುವುದು ಹೇಗೆಂಬುದನ್ನು ಶಿಕ್ಷಕರೂ ಪಾಲಕರೂ ಕೂಡಿ ಆಲೋಚಿಸಬೇಕಾಗಿದೆ.