ಕೆಸರಿನಲ್ಲಿ ಉಸಿರಾಡುವ ಕಾಡು

ಕೋಲ್ಕತ್ತದ ಎದುರು, ಹೂಗ್ಲಿ ನದಿಯ ಪಶ್ಚಿಮ ದಂಡೆಯ ಶಿಬ್‌ಪುರದಲ್ಲಿ 1787ರಲ್ಲಿ ಸ್ಥಾಪನೆಯಾದ ಸಸ್ಯೋದ್ಯಾನವಿದೆ. ಇಂದು ಅದಕ್ಕೆ ಜಗದೀಶ್ ಚಂದ್ರ ಬೋಸರ ಹೆಸರು. ಅಲ್ಲಿನ ಪ್ರಸಿದ್ಧ ಆಲದ ಮರಕ್ಕೆ ಶಿಲೀಂಧ್ರ ರೋಗ ತಗುಲಿ, 1925ರಲ್ಲಿ ಅದರ ಮುಖ್ಯ ಕಾಂಡವನ್ನೇ ಕಡಿದು ತೆಗೆಯಬೇಕಾಯಿತು. ಆದರೂ ಮರ ಸಾಯಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಬಿಳಲುಗಳು ನೆಲಕ್ಕಿಳಿದು ಅದನ್ನು ಹೊತ್ತು ನಿಂತಿವೆ. ಬೇರಿನ ಕೆಲಸ ಮಣ್ಣಿನೊಳಗಷ್ಟೇ ಅಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ಸಣ್ಣ ಹಡಗಿನಲ್ಲಿ ದಕ್ಷಿಣಕ್ಕೆ, ಸಮುದ್ರದತ್ತ ಸಾಗಿದರೆ ಸಿಗುವ ಸುಂದರಬನದಲ್ಲಿ ಇದಕ್ಕಿಂತ ಸೋಜಿಗದ ಬೇರುಗಳಿವೆ.

ಸುಂದರಬನವು ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಸುಮಾರು 10,000 ಚದರ ಕಿ.ಮೀ. ಹಬ್ಬಿರುವ ಮ್ಯಾಂಗ್ರೋವ್ ಕಾಡು. ನಮ್ಮ ಕರಾವಳಿಯವರು ಇಂಥ ಕಾಡನ್ನು ಕಾಂಡ್ಲಾ ಎನ್ನುತ್ತಾರೆ. ಇಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ.

ಬೇರಿಗೆ ಗಾಳಿ ಎಲ್ಲಿಂದ?

ಬೇರಿಗೂ ಆಕ್ಸಿಜನ್ ಬೇಕು. ಆದರೆ ಅಂಟು ಕೆಸರಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಅವಿಸೆನಿಯ ಮರದ ಬೇರುಗಳು ಪೆನ್ಸಿಲ್‌ಗಳನ್ನು ನೆಟ್ಟಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಇವೇ ಉಸಿರುಬೇರುಗಳು. ಇವುಗಳ ತೊಗಟೆಯಲ್ಲಿ ಸೂಕ್ಷ್ಮ ರಂಧ್ರಗಳೂ ಒಳಗೆ ಸ್ಪಂಜಿನಂಥ ಅಂಗಾಂಶವೂ ಇವೆ. ಉಬ್ಬರದಲ್ಲಿ ರಂಧ್ರಗಳು ಮುಳುಗುತ್ತವೆ. ಒಳಗಿನ ಆಕ್ಸಿಜನ್ ಖರ್ಚಾಗುತ್ತದೆ, ಹೊರಬಿದ್ದ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ. ಹೀಗಾಗಿ ಬೇರಿನೊಳಗಿನ ಒತ್ತಡ ಇಳಿಯುತ್ತದೆ. ನೀರು ಸರಿದೊಡನೆ ಹೊರಗಿನ ಗಾಳಿ ಒಳನುಗ್ಗುತ್ತದೆ. ಸಮುದ್ರವೇ ಮರಕ್ಕೆ ತಿದಿ ಒತ್ತಿದಂತೆ!

ಉಪ್ಪಿನ ಲೆಕ್ಕಾಚಾರ

ರೈಜೋಫೊರ ಮರಗಳು ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆಯುತ್ತವೆ. ಅವಿಸೆನಿಯ, ಒಳಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಆದರೂ ಸಹನೆಗೆ ಮಿತಿಯುಂಟು. ಕಾಡಿಗೆ ಹೆಸರು ಕೊಟ್ಟಿತೆನ್ನಲಾದ ಸುಂದರಿ ಮರ, ಸಿಹಿನೀರು ಹೆಚ್ಚು ಬರುವ ಬಾಂಗ್ಲಾದೇಶದ ಭಾಗದಲ್ಲಿ ಸಮೃದ್ಧ. ಉಪ್ಪು ಹೆಚ್ಚಿರುವ ಭಾರತದ ಭಾಗದಲ್ಲಿ ವಿರಳ.

ದಂಡೆಯ ನಿವಾಸಿಗಳು

ಇಳಿತದ ವೇಳೆ ಹಡಗಿನಿಂದಲೇ ನೋಡಿ. ಮಡ್‌ಸ್ಕಿಪ್ಪರ್ ಮೀನುಗಳು ಕೆಸರಿನ ಮೇಲೆ ಕುಪ್ಪಳಿಸುತ್ತವೆ. ಒದ್ದೆ ಚರ್ಮದ ಮೂಲಕವೂ ಉಸಿರಾಡುತ್ತವೆ. ಗಂಡು ಪಿಟೀಲು ಏಡಿ ತನ್ನ ಒಂದೇ ದೊಡ್ಡ ಕೊಂಡಿಯನ್ನು ಬೀಸುತ್ತದೆ. ಏಡಿಗಳ ಬಿಲಗಳಿಂದ ಕೆಸರಿಗೂ ಗಾಳಿ ಸೇರುತ್ತದೆ. ಉಪ್ಪುನೀರಿನ ಮೊಸಳೆ, ಮಿಂಚುಳ್ಳಿ, ಕಾಲುವೆಗಳನ್ನು ಈಜಿ ದಾಟುವ ಹುಲಿ ಎಲ್ಲಕ್ಕೂ ಈ ಬೇರಿನ ಕಾಡೇ ಆಸರೆ.

ಮನುಷ್ಯರಿಗೂ ಅಷ್ಟೆ. ದಟ್ಟ ಬೇರುಗಳು ಅಲೆಗಳ ಶಕ್ತಿಯನ್ನು ಕುಗ್ಗಿಸುತ್ತವೆ. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಮೊದಲು ಎರಗಿದ್ದು ಈ ಕಾಡಿನ ಮೇಲೆ. ಶಿಬ್‌ಪುರದ ಉದ್ಯಾನವೂ ಆಗ ಹಲವು ಮರಗಳನ್ನು ಕಳೆದುಕೊಂಡಿತು. ಉಸಿರುಬೇರುಗಳನ್ನು ಮಣ್ಣಿನ ರಾಶಿಯೋ ತೈಲದ ಪದರವೋ ಮುಚ್ಚಿದರೆ ಮರ ಉಸಿರುಕಟ್ಟಿ ಸಾಯುತ್ತದೆ. ಕೊಡಲಿ ತಾಗದೆಯೂ ಕಾಡು ಅಳಿಯಬಹುದು.

ಸುಂದರಬನ ದೂರವಾದರೆ ಅಘನಾಶಿನಿ, ಶರಾವತಿ ಅಳಿವೆಗಳಿವೆ. ಇಳಿತದ ಸಮಯ ತಿಳಿದುಕೊಂಡು ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ. ಒಂದು ಚದರ ಮೀಟರ್‌ನಲ್ಲಿ ಎಷ್ಟು ಉಸಿರುಬೇರುಗಳಿವೆ, ಎಣಿಸಲಿ. ಅವುಗಳನ್ನು ತುಳಿಯದಿರಲಿ.