ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ: ಲೆಕ್ಕ ಬೇರೆ ಇಡುವುದು ಏಕೆ?

ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿ ಬಸವನಗುಡಿಯವರಿಗೆಲ್ಲ ಪರಿಚಿತ. ಹಪ್ಪಳ ಮಾಡಿ ಮನೆಮನೆಗೆ ಒಯ್ದು ಮಾರುತ್ತಿದ್ದ ಸುಬ್ಬಮ್ಮ 1948ರಲ್ಲಿ ಅದನ್ನು ತೆರೆದರು. ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇಂದಿಗೂ ಬೀದಿಗೆ ತೆರೆಯುವ ಕೋಣೆಯೇ ಅನೇಕರ ಮೊದಲ ಅಂಗಡಿ. ಪರ್ಯೂಷಣ, ದಶಲಕ್ಷಣ ಪರ್ವದ ದಿನಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಇಲ್ಲದ ತಿನಿಸಿಗೆ ಸಮಾಜ ಬಂಧುಗಳಿಂದ ಬೇಡಿಕೆಯೂ ಚೆನ್ನಾಗಿರುತ್ತದೆ.

ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಕಾಗದದಲ್ಲಿ ಆ ಕೋಣೆ ಮನೆಯಿಂದ ಬೇರೆಯಾಗಬೇಕು. ಆಸ್ತಿ ತೆರಿಗೆಯ ಸ್ವಯಂ ಘೋಷಣೆಯಲ್ಲಿ ಅಂಗಡಿಯ ಅಳತೆಯನ್ನು ವಾಸೇತರ ಎಂದು ತೋರಿಸಬೇಕು. ಅಂಗಡಿಗೆ ಬೆಸ್ಕಾಂನಿಂದ ವಾಣಿಜ್ಯ ಮೀಟರ್ ಬೇಕು. ತಿಂಡಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಅಗತ್ಯ. ವ್ಯಾಪಾರ ಪರವಾನಗಿಯನ್ನು ಪಾಲಿಕೆಯಲ್ಲಿ ಕೇಳಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಐದು ನಗರ ಪಾಲಿಕೆಗಳಿರುವುದರಿಂದ, ಮನೆ ಯಾವುದಕ್ಕೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳುವುದು ಮೇಲು. ರಸ್ತೆಯ ಅಗಲ ನೋಡಿ ಅನುಮತಿ ನಿರಾಕರಿಸುವುದೂ ಉಂಟು. ಆದ್ದರಿಂದ ಶಟರ್ ಹಾಕಿಸುವ ಮುನ್ನವೇ ವಿಚಾರಿಸಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಹೆಚ್ಚಿನವರು ಎಡವುವುದು ಹಣದ ಲೆಕ್ಕದಲ್ಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಮನೆ ಅಂಗಡಿಯವರ ಪಾಡು ಇನ್ನೂ ಕಷ್ಟ. ಮಗ ಕಳಿಸಿದ ಹಣ, ಬಂಧುಗಳ ಕೈಸಾಲ, ಅಂಗಡಿಯ ಮಾರಾಟ ಎಲ್ಲವೂ ಒಂದೇ ಖಾತೆಗೆ ಬಂದು ಬೀಳುತ್ತವೆ. ಯಾವುದು ವ್ಯಾಪಾರದ್ದು, ಯಾವುದು ಅಲ್ಲ ಎಂದು ವರ್ಷಗಳ ನಂತರ ಬಿಡಿಸಿ ಹೇಳುವುದು ಸುಲಭವಲ್ಲ.

ಸರಕು ಮಾರುವವರಿಗೆ ರಾಜ್ಯದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಲಾಭವಲ್ಲ, ವಹಿವಾಟು, ಈ ವ್ಯತ್ಯಾಸ ಮರೆಯುವವರು ಬಹಳ. ಹಪ್ಪಳಕ್ಕೆ ತೆರಿಗೆ ಇಲ್ಲ. ಹೀಗೆ ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಹಂಗೂ ಇಲ್ಲ. ಆದರೆ ಪಕ್ಕದಲ್ಲಿ ತೆರಿಗೆ ಬೀಳುವ ಸಾರಿನ ಪುಡಿಯನ್ನೂ ಇಟ್ಟರೆ ಲೆಕ್ಕ ಬದಲಾಗುತ್ತದೆ: ಆಗ 40 ಲಕ್ಷದ ಎಣಿಕೆಗೆ ಹಪ್ಪಳದ ಮಾರಾಟವೂ ಸೇರುತ್ತದೆ.

ಅಂಗಡಿಗೆಂದೇ ಒಂದು ಬ್ಯಾಂಕ್ ಖಾತೆ, ಅದಕ್ಕೆ ಮಾತ್ರ ಜೋಡಿಸಿದ ಕ್ಯೂಆರ್, ದಿನದ ಮಾರಾಟ ಬರೆಯಲು ಒಂದು ಪುಸ್ತಕ: ಇಷ್ಟನ್ನು ಮೊದಲ ದಿನದಿಂದಲೇ ಇಟ್ಟವರಿಗೆ ನೋಟಿಸ್ ಬಂದರೂ ಉತ್ತರ ಬರೆಯಲು ಒಂದು ಸಂಜೆ ಸಾಕು.